ಕೋಟೆಯಲ್ಲಿ ಒಂದು ವಾರ: ಹಿರಿಯರ ಸೇವೆಯ ಬಗ್ಗೆ ಓದುಗರ ಪ್ರಶ್ನೆಗಳು

ನಿವೃತ್ತರಾದವರು ಹಳೆಯ ಕೋಟೆಯಲ್ಲೋ ದೇವಸ್ಥಾನದಲ್ಲೋ ಒಂದು ವಾರ ಸೇವೆಗೆ ನಿಲ್ಲುವುದು ಹೇಗೆ ಎಂದು ಕೇಳಿ ಉತ್ತರ ಕನ್ನಡದ ಓದುಗರು ಬರೆದ ಪತ್ರಗಳು ಈ ಸಲ ಹೆಚ್ಚು. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಂದು ಪತ್ರವನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗ ಅಮೆರಿಕದ ಯೂಟಾದಲ್ಲಿದ್ದಾನೆ. ಅವನ ನೆರೆಮನೆಯ ಗಂಡ ಹೆಂಡತಿ ಇಬ್ಬರೂ ಎಪ್ಪತ್ತರ ಮೇಲಿನವರು. ಮನೆಗೆ ಬೀಗ ಹಾಕಿ, 'ಪಯನೀರ್'ಗಳ ಕಾಲದ ಜಾಗವೊಂದಕ್ಕೆ ಮಿಷನರಿ ಸೇವೆಗೆಂದು ಹೋಗಿದ್ದಾರಂತೆ. ಅದು ಧರ್ಮಪ್ರಚಾರವೋ, ಜಾಗ ನೋಡಿಕೊಳ್ಳುವ ಕೆಲಸವೋ? ದಿನವಿಡೀ ಏನು ಮಾಡುತ್ತಾರೆ?
— ನಿವೃತ್ತ ಶಿಕ್ಷಕಿ, ಕುಮಟಾ

ಉತ್ತರ: ಎರಡೂ ಹೌದು. ಅವರು ಸೇರಿರುವುದು ಮಾರ್ಮನ್ನರೆಂದು ಜನ ಕರೆಯುವ ಲ್ಯಾಟರ್ ಡೇ ಸೇಂಟ್ಸ್ ಚರ್ಚಿಗೆ. ಆ ಪಂಥದವರು ಇಲಿನಾಯ್ ರಾಜ್ಯದ ನವೂ ಎಂಬ ಊರಿನಲ್ಲಿ ನೆಲೆಸಿದ್ದರು. ಸುತ್ತಲಿನವರ ವಿರೋಧಕ್ಕೆ ನಿಲ್ಲಲಾಗದೆ 1846ರ ಫೆಬ್ರವರಿಯಲ್ಲಿ ಊರು ಬಿಡತೊಡಗಿದರು. ಸುಮಾರು 2000 ಕಿಲೋಮೀಟರ್ ನಡೆದು, ಬ್ರಿಗಮ್ ಯಂಗ್ ಅವರ ಮುಂದಾಳತ್ವದಲ್ಲಿ 1847ರ ಜುಲೈ 24ರ ಹೊತ್ತಿಗೆ ಸಾಲ್ಟ್ ಲೇಕ್ ಕಣಿವೆ ಮುಟ್ಟಿದರು. ಯೂಟಾದಲ್ಲಿ ಆ ದಿನ ಇಂದಿಗೂ ಸರ್ಕಾರಿ ರಜೆ. ದಾರಿ ಸವೆಸಿದ ಆ ಮೊದಲಿಗರನ್ನೇ ಅವರು ಪಯನೀರ್ ಎನ್ನುವುದು. ಅವರು ಬಾಳಿದ, ತಂಗಿದ, ಸತ್ತ ಜಾಗಗಳನ್ನು ಚರ್ಚು ಉಳಿಸಿಕೊಂಡು ಬಂದಿದೆ.

ಹಿರಿಯ ದಂಪತಿಗಳ ಸೇವೆ ಸಾಮಾನ್ಯವಾಗಿ ಆರು ತಿಂಗಳಿಂದ ಇಪ್ಪತ್ಮೂರು ತಿಂಗಳವರೆಗೆ. ಸಂಬಳವಿಲ್ಲ, ಊಟ ವಸತಿಯ ಖರ್ಚೂ ಅವರದೇ. ಎದೆಗೆ ಹೆಸರಿನ ಪಟ್ಟಿ ಹಾಕಿಕೊಂಡು ಬಂದವರನ್ನು ಬರಮಾಡಿಕೊಳ್ಳುವುದು, ಗುಂಪು ಗುಂಪಾಗಿ ಜಾಗ ತೋರಿಸುವುದು, ಗುಡಿಸಿ ಒರೆಸುವುದು ಇವೆಲ್ಲ ಅವರ ದಿನಚರಿ. ನವೂದಲ್ಲಿ ಹಳೆಯ ಕಾಲದ ಕಮ್ಮಾರಿಕೆ, ಹಗ್ಗ ಹೊಸೆಯುವುದು, ಇಟ್ಟಿಗೆ ಮಾಡುವುದನ್ನು ಕಣ್ಣೆದುರೇ ಮಾಡಿ ತೋರಿಸುತ್ತಾರೆ. ವಯೋಮಿಂಗ್ ರಾಜ್ಯದ ಮಾರ್ಟಿನ್ಸ್ ಕೋವ್‌ನಲ್ಲಿ ಬಂದವರು ಕೈಗಾಡಿ ಎಳೆದು ನೋಡಬಹುದು. ಆ ಗಾಡಿಗಳ ದುರಸ್ತಿಯೂ ಸೇವೆಯ ಒಂದು ಭಾಗ.

ನಮ್ಮವರು ಗಮನಿಸಬೇಕಾದ್ದು ಆ ಕೈಗಾಡಿಯ ಕತೆಯನ್ನು. ಎತ್ತಿನ ಗಾಡಿ ಕೊಳ್ಳಲಾಗದ ಬಡವರು 1856ರಿಂದ 1860ರವರೆಗೆ ಹತ್ತು ತಂಡಗಳಾಗಿ, ಸುಮಾರು 3000 ಮಂದಿ, ಕೈಯಿಂದ ಎಳೆಯುವ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟರು. ಒಬ್ಬ ವಯಸ್ಕನಿಗೆ 17 ಪೌಂಡ್, ಅಂದರೆ ಎಂಟು ಕಿಲೋಗೂ ಕಡಿಮೆ ಸಾಮಾನು. 1856ರ ಕೊನೆಯ ಎರಡು ತಂಡಗಳು ಹೊತ್ತು ಮೀರಿ ಹೊರಟವು. ಆತುರದಲ್ಲಿ ಹಸಿ ಮರದಿಂದ ಮಾಡಿದ ಗಾಡಿಗಳು ಒಣಹವೆಗೆ ಕುಗ್ಗಿ ಬಿರಿದವು. ವಯೋಮಿಂಗ್‌ನ ಹಿಮದಲ್ಲಿ ಸಿಕ್ಕಿಕೊಂಡು ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ತಡವಾಗಿ ಹೊರಟದ್ದು, ಮರ ಹಸಿಯಾಗಿದ್ದದ್ದು, ಎರಡೂ ಆ ಪಂಥದವರದೇ ತಪ್ಪು. ಬಂದವರಿಗೆ ಹೇಳುವಾಗ ಅದನ್ನು ಕೈಬಿಟ್ಟರೆ ಆ ಜಾಗದ ಕತೆಗೆ ಅರ್ಥವೇ ಇರುವುದಿಲ್ಲ. ಹೆಮ್ಮೆಯ ಜಾಗದಲ್ಲಿ ನಿಂತು ಸೋಲಿನ ಕಾರಣವನ್ನೂ ಹೇಳುವಂಥ ಕೆಲಸವನ್ನು ನಮ್ಮ ಮಿರ್ಜಾನ ಕೋಟೆಯಲ್ಲೂ ಬನವಾಸಿಯ ದೇವಸ್ಥಾನದಲ್ಲೂ ಮಾಡುವವರು ಬೇಕು. ವಯಸ್ಸಾದವರ ಬಾಯಲ್ಲಿ ಅದಕ್ಕೆ ತೂಕ ಹೆಚ್ಚು.

ಪ್ರಶ್ನೆ: ನಾವು ಆರು ಮಂದಿ, ಎಲ್ಲರೂ ಅರವತ್ತು ದಾಟಿದವರು. ಮಿರ್ಜಾನ ಕೋಟೆಯಲ್ಲಿ ಒಂದು ವಾರ ಶ್ರಮದಾನ ಮಾಡಿ ಗೋಡೆಯ ಮೇಲಿನ ಗಿಡಗಂಟಿ ಕಿತ್ತು, ಪಾಚಿ ಉಜ್ಜಿ, ಕೋಟೆಯನ್ನು ಹೊಸದರಂತೆ ಮಾಡಬೇಕೆಂದಿದ್ದೇವೆ. ಕತ್ತಿ, ಗುದ್ದಲಿ, ತಂತಿ ಬ್ರಷ್ ಎಲ್ಲ ಸಿದ್ಧ. ಯಾರನ್ನು ಕೇಳಬೇಕು?
— ಹೊನ್ನಾವರದ ಗೆಳೆಯರ ಬಳಗ

ಉತ್ತರ: ದಯವಿಟ್ಟು ಕತ್ತಿ ಗುದ್ದಲಿಗಳನ್ನು ಮನೆಯಲ್ಲೇ ಬಿಡಿ. ನಿಮ್ಮ ಆಸೆ ದೊಡ್ಡದು. ಅಷ್ಟೇ ಒಳ್ಳೆಯ ಮನಸ್ಸಿನಿಂದ ಹಾಳಾದ ಗೋಡೆಗಳೂ ಈ ಜಿಲ್ಲೆಯಲ್ಲಿ ಬಹಳ ಇರುವುದರಿಂದ ಮೊದಲೇ ಹೇಳುತ್ತಿದ್ದೇವೆ.

ಮಿರ್ಜಾನ ಕೋಟೆ ಚಿರೇಕಲ್ಲಿನದು. ಈ ಕಲ್ಲು ನೆಲದಡಿಯಲ್ಲಿ ಮೆತ್ತಗಿರುತ್ತದೆ, ಕಡಿದು ಹೊರಗಿಟ್ಟ ಮೇಲೆ ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ನಾಲ್ಕು ನೂರು ವರ್ಷದ ಮಳೆ ತಡೆದದ್ದು ಆ ಗಟ್ಟಿ ಹೊರಪದರ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಪಾಚಿಯ ಜೊತೆ ಆ ಪದರವೂ ಕಳಚುತ್ತದೆ, ಒಳಗಿನ ಮೆತ್ತನೆಯ ಕಲ್ಲು ಮುಂದಿನ ಮಳೆಗಾಲಕ್ಕೆ ಬತ್ತಲಾಗುತ್ತದೆ. ಆಸಿಡ್ ಅಂತೂ ಸುಣ್ಣದ ಸಂದುಗಳನ್ನೇ ಕರಗಿಸುತ್ತದೆ. ಪಾಚಿ ಜನವರಿಯ ಹೊತ್ತಿಗೆ ತಾನೇ ಒಣಗಿ ಕಪ್ಪಾಗುತ್ತದೆ. ನೋಡಲು ಚೆಂದವಿಲ್ಲ ಎನ್ನುವುದನ್ನು ಬಿಟ್ಟರೆ ಅದರಿಂದ ಗೋಡೆ ಬೀಳುವುದಿಲ್ಲ.

ಅಶ್ವತ್ಥ, ಆಲದ ಸಸಿಗಳ ಮಾತು ಬೇರೆ. ಅವು ನಿಜವಾಗಿಯೂ ಗೋಡೆ ಒಡೆಯುತ್ತವೆ. ಆದರೆ ಬೇರು ಸಂದಿನೊಳಗೆ ಹೊಕ್ಕ ಮೇಲೆ ಗಿಡ ಹಿಡಿದು ಎಳೆದರೆ ಬೇರಿನ ಜೊತೆ ಕಲ್ಲೂ ಬರುತ್ತದೆ. ಮೇಲಷ್ಟೇ ಕಡಿದರೆ ಒಂದು ಮಳೆಗೆ ನಾಲ್ಕು ಕವಲು ಚಿಗುರಿ, ಒಳಗಿನ ಬೇರು ಇನ್ನಷ್ಟು ದಪ್ಪವಾಗುತ್ತದೆ. ಬುಡಕ್ಕೆ ಔಷಧ ಕೊಟ್ಟು, ಬೇರು ಸತ್ತ ಮೇಲೆ ಸಂದು ತುಂಬುವುದು ತರಬೇತಿ ಇದ್ದವರ ಕೆಲಸ. ಸಸಿ ಎಲ್ಲಿದೆ ಎಂದು ಗುರುತಿಸಿ ಸಿಬ್ಬಂದಿಗೆ ತಿಳಿಸುವುದು ನಿಮ್ಮ ಪಾಲಿನದು.

ಇನ್ನು ಕಾನೂನು. ತಾಣದ ಬಾಗಿಲಲ್ಲಿರುವ ಫಲಕ ಓದಿ. 1958ರ ಕಾಯ್ದೆಯ ಹೆಸರಿದ್ದರೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದು, 1961ರ ಕರ್ನಾಟಕದ ಕಾಯ್ದೆಯದಾದರೆ ರಾಜ್ಯ ಇಲಾಖೆಯದು. ಮಿರ್ಜಾನ ಕೇಂದ್ರದ ಸುಪರ್ದಿನಲ್ಲಿದೆ. ಹಾಗಾಗಿ ಪತ್ರ ಹೋಗಬೇಕಾದ್ದು ಧಾರವಾಡ ವೃತ್ತದ ಅಧೀಕ್ಷಕ ಪುರಾತತ್ವವಿದರಿಗೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಸೇವೆಯ ಉದ್ದೇಶವಿತ್ತು ಎಂದರೆ ಕಲ್ಲು ಮರಳಿ ಕೂರುವುದಿಲ್ಲ.

ಪತ್ರ ಒಂದೇ ಪುಟದ್ದಿರಲಿ. ಆರೂ ಜನರ ಹೆಸರು, ವಯಸ್ಸು, ಆಧಾರ್ ಪ್ರತಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ದಿನಕ್ಕೆ ಎಷ್ಟು ಗಂಟೆ ಎಂಬುದಿರಲಿ. 'ಗೋಡೆ, ನೆಲ, ಬಾವಿ ಯಾವುದನ್ನೂ ಮುಟ್ಟುವುದಿಲ್ಲ' ಎಂಬ ವಾಕ್ಯವನ್ನು ಬೇರೆ ಸಾಲಿನಲ್ಲೇ ಬರೆಯಿರಿ. ಅನುಮತಿಗೆ ಅದೇ ಹೆಚ್ಚು ಸಹಾಯ ಮಾಡುತ್ತದೆ. ಎರಡು ತಿಂಗಳು ಮೊದಲೇ ಕಳಿಸಿ, ಒಂದು ಪ್ರತಿಯನ್ನು ಕೋಟೆಯ ಸಿಬ್ಬಂದಿಗೆ ಕೈಯಾರೆ ಕೊಡಿ.

ಮುಟ್ಟದೆ ಏನು ಮಾಡುವುದು ಎನ್ನುತ್ತೀರಾ? ಬೇಕಾದಷ್ಟಿದೆ. ಬೆಳಿಗ್ಗೆ ಒಂದು ಸುತ್ತು ಬಂದು ಬಾಟಲಿ, ಚಿಪ್ಸ್ ಪೊಟ್ಟಣ ಹೆಕ್ಕುವುದು. ಬಾಗಿಲಲ್ಲಿ ಕೂತು ಬಂದವರನ್ನು ಮಾತಾಡಿಸುವುದು. ಬುರುಜಿನ ಅಂಚಿನಲ್ಲಿ ಸೆಲ್ಫಿಗೆ ಹತ್ತುವ ಹುಡುಗರನ್ನು 'ತಮ್ಮಾ, ಕೆಳಗೆ ಇಳಿ' ಎಂದು ತಡೆಯುವುದು. ಸಮವಸ್ತ್ರದವರ ಮಾತಿಗಿಂತ ಅಜ್ಜನ ಮಾತಿಗೆ ಅವರು ಬೇಗ ಇಳಿಯುತ್ತಾರೆ. ಎಲ್ಲಕ್ಕಿಂತ ಉಪಯೋಗದ್ದೆಂದರೆ ಕಾಯಂ ಜಾಗದ ಫೋಟೋ. ಕೋಟೆಯ ಸುತ್ತ ಹನ್ನೆರಡು ಜಾಗ ಗೊತ್ತುಮಾಡಿ. ಪ್ರತಿ ಜಾಗಕ್ಕೂ ನಿಲ್ಲುವ ಸ್ಥಳ, ಮುಖ ಮಾಡುವ ದಿಕ್ಕು, ಹೊತ್ತು ಬರೆದಿಡಿ. ಎದೆಯ ಮಟ್ಟದಲ್ಲಿ ಮೊಬೈಲ್ ಹಿಡಿದು ಒಂದೇ ಚಿತ್ರ ತೆಗೆಯಿರಿ. ಟ್ರೈಪಾಡಿಗೆ ಬೇರೆ ಅನುಮತಿ ಬೇಕು. ಬಿರುಕಿದ್ದಲ್ಲಿ ಪಕ್ಕದಲ್ಲಿ ಹದಿನೈದು ಸೆಂಟಿಮೀಟರಿನ ಅಳತೆಪಟ್ಟಿಯನ್ನು ಕೈಯಲ್ಲಿ ಹಿಡಿಯಿರಿ, ಗೋಡೆಯ ಮೇಲೆ ಸೀಮೆಸುಣ್ಣದ ಗುರುತೂ ಬೇಡ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಹೀಗೆ ಮೂರು ವರ್ಷ ಮಾಡಿದರೆ ಯಾವ ಗೋಡೆ ಹೊಟ್ಟೆ ಉಬ್ಬಿಸುತ್ತಿದೆ ಎಂಬುದು ಬೀಳುವ ಮೊದಲೇ ಕಾಣುತ್ತದೆ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು?
— ಓದುಗರು, ಭಟ್ಕಳ

ಉತ್ತರ: ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಕ್ಟೋಬರಿನಲ್ಲೂ ಚಿರೇಕಲ್ಲಿನ ಮೆಟ್ಟಿಲು ಜಾರುತ್ತದೆ. ಮಾರ್ಚ್ ಆದ ಮೇಲೆ ಸೆಕೆ ಹಿರಿಯರಿಗೆ ಒಗ್ಗದು.

ಪ್ರಶ್ನೆ: ನನಗೆ 67, ಮನೆಯವರಿಗೆ 63. ನನಗೆ ಬಿ.ಪಿ., ಅವರಿಗೆ ಸಕ್ಕರೆ ಕಾಯಿಲೆ. ಘಟ್ಟದ ಮೇಲಿನವರಿಗೆ ಕರಾವಳಿಯ ಸೆಕೆ ಕಷ್ಟ. ವಾರದ ದಿನಚರಿ ಹೇಗಿರಬೇಕು? ಮಂಗನ ಕಾಯಿಲೆಯ ಹೆದರಿಕೆಯೂ ಇದೆ.
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಬೇಡ: ಬೆಳಿಗ್ಗೆ ಎಂಟರಿಂದ ಹನ್ನೊಂದು, ಮಧ್ಯಾಹ್ನ ಮೂರೂವರೆಯಿಂದ ಐದೂವರೆ. ಮೊದಲ ದಿನ ಬರೀ ಎರಡು ಗಂಟೆ, ಅದೂ ಜಾಗ ನೋಡಿಕೊಳ್ಳುವುದಕ್ಕೆ. ನಾಲ್ಕನೆಯ ದಿನದ ಮಧ್ಯಾಹ್ನ ಪೂರ್ತಿ ಬಿಡುವು. ಉತ್ಸಾಹದಲ್ಲಿ ಮೊದಲ ಮೂರು ದಿನ ಇಡೀ ಹೊತ್ತು ನಿಂತವರು ನಾಲ್ಕನೆಯ ದಿನ ಮಲಗುವುದೇ ಹೆಚ್ಚು. ಒಂದು ಜಾಗಕ್ಕೆ ಇಬ್ಬರಂತೆ ನಿಲ್ಲಿ. ಒಬ್ಬರು ನಿಂತಾಗ ಇನ್ನೊಬ್ಬರು ಮಡಚುವ ಕುರ್ಚಿಯಲ್ಲಿ ಕೂರಲಿ, ಅರ್ಧ ಗಂಟೆಗೊಮ್ಮೆ ಬದಲಾಗಲಿ. ಬುರುಜು ಹತ್ತುವ ಪಾಳಿ ಒಬ್ಬರಿಗೆ ದಿನಕ್ಕೆ ಒಂದೇ ಸಲ.

ನೀರು ಬಾಯಾರಿದಾಗಲ್ಲ, ಗಂಟೆಗೊಂದು ಲೋಟದಂತೆ. ಹೃದಯ, ಕಿಡ್ನಿ ತೊಂದರೆಗೆ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಅದೇ ಮಿತಿ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಹೊರಡುವ ಮುನ್ನ ವೈದ್ಯರಲ್ಲಿ ಕೇಳಿ. ಸೆಕೆಯಲ್ಲಿ ಬೆವರೂ ಮಾತ್ರೆಯೂ ಸೇರಿ ತಲೆ ತಿರುಗಿಸುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿ ಬಿಡಬಾರದು. ಒ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರಿಗೆ, ಕದಡಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಸಮಮಟ್ಟದ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು, ಚಮಚೆ ಚಹಾದ್ದು. ಸಾಮಾನ್ಯ ದಿನಕ್ಕೆ ಮಜ್ಜಿಗೆ, ಸಕ್ಕರೆ ಹಾಕದ ಮುರುಗಲ ಪಾನಕ ಸಾಕು. ಸಕ್ಕರೆ ಕಾಯಿಲೆಯವರು ಊಟದ ಹೊತ್ತು ತಪ್ಪಿಸಬಾರದು, ಕೈ ನಡುಗಿ ಬೆವರಿದರೆ ತಕ್ಷಣ ಬಾಯಿಗೆ ಹಾಕಲು ಬೆಲ್ಲದ ಚೂರು ಜೇಬಿನಲ್ಲೇ ಇರಲಿ. ಸಂರಕ್ಷಿತ ಸ್ಮಾರಕದೊಳಗೆ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಡೆ ಅಡುಗೆಯೂ ಊಟವೂ ನಿಷಿದ್ಧ. ಬುತ್ತಿ ಬಿಚ್ಚುವುದು ಗೇಟಿನ ಹೊರಗೆ.

ಮಂಗನ ಕಾಯಿಲೆಯ ವೈರಸ್ ಮೊದಲು ಗುರುತಾದದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಉತ್ತರ ಕನ್ನಡದಲ್ಲೂ ಸಿದ್ದಾಪುರದ ಕಡೆ ಅದರ ಕಾಟ ಗೊತ್ತಿದ್ದದ್ದೇ. ಹರಡುವುದು ಉಣುಗಿನಿಂದ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಬಯಲಿನ ಕೋಟೆಗಿಂತ ಕಾಡಿನ ಅಂಚಿನ ತಾಣಗಳಲ್ಲಿ ಎಚ್ಚರ ಬೇಕು. ಪೂರ್ತಿ ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಒಣ ಎಲೆಗಳ ದರಗಿನ ಮೇಲೆ ಕೂರಬೇಡಿ. ಮರಳಿದೊಡನೆ ಬಿಸಿನೀರು ಸೋಪಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ, ಅಂದರೆ ಸೇವೆ ಮುಗಿಸಿ ಮನೆ ಸೇರಿದ ಮೇಲೂ ಬರಬಹುದು. ಆಗ ಫ್ಲೂ ಎಂದುಕೊಂಡು ಮಲಗದೆ, ಕಾಡಿನ ಕಡೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಹಾವಿನ ಬಗ್ಗೆ ಒಂದು ಮಾತು: ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಒಳಗೆ ಪ್ಲಾಸ್ಟಿಕ್ ಕಂಡರೂ ಸರಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ. ಬುರುಜಿನ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಆ ಬದಿಗೆ ಜನರನ್ನು ಬಿಡದಿರುವುದೂ ನಿಮ್ಮ ಸೇವೆಯೇ.

ಪ್ರಶ್ನೆ: ಬಂದವರಿಗೆ ಏನು ಹೇಳಬೇಕು? ಗೈಡುಗಳು ಹೇಳುವ ಸುರಂಗ, ನಿಧಿ, ಶಾಪದ ಕತೆ ಬಿಟ್ಟರೆ ಜನ ಕೇಳುವುದಿಲ್ಲ ಎನ್ನುತ್ತಾರೆ.
— ನಿವೃತ್ತ ಗುಮಾಸ್ತರು, ಕಾರವಾರ

ಉತ್ತರ: ಕೇಳುತ್ತಾರೆ, ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದರೆ. ಮೂರು ಕಡೆ ನಿಲ್ಲಿ, ಒಂದೊಂದು ಕಡೆ ಐದು ನಿಮಿಷ ಮಾತಾಡಿ, ಉಳಿದದ್ದು ನಡಿಗೆಗೆ. ಮಿರ್ಜಾನದಲ್ಲಾದರೆ ಬಾಗಿಲು, ಬಾವಿ, ನದಿಯ ಕಡೆಯ ಬುರುಜು. ಬಾಗಿಲಲ್ಲಿ ಚಿರೇಕಲ್ಲಿನ ಕಟ್ಟಡ, ಬಾವಿಯಲ್ಲಿ ಮುತ್ತಿಗೆ ಬಿದ್ದಾಗ ಕೋಟೆಯೊಳಗಿನವರು ಬದುಕುತ್ತಿದ್ದ ಬಗೆ. ಬುರುಜಿನಲ್ಲಿ ಕಾಳುಮೆಣಸು: ಘಟ್ಟದಿಂದ ಇಳಿದ ಮೆಣಸು ಅಘನಾಶಿನಿಯ ನೀರಿನಲ್ಲಿ ಕಡಲಿಗೆ ಹೋಗುತ್ತಿತ್ತು, ಆ ದಾರಿ ಕಾಯಲೆಂದೇ ಇಲ್ಲಿ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ರೈನಾ ದ ಪಿಮೆಂಟಾ', ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಆಕೆಯ ಆಳ್ವಿಕೆಯನ್ನು 1552ರಿಂದ 1606ರವರೆಗೆ ಎಂದು ಹೇಳುವುದು ರೂಢಿ. ಐವತ್ನಾಲ್ಕು ವರ್ಷ! ಕೊನೆಗೆ ಆಕೆಯನ್ನು ಸೋಲಿಸಿದವರು ಕಡಲಾಚೆಯ ಪೋರ್ಚುಗೀಸರಲ್ಲ, ಘಟ್ಟದ ಮೇಲಿನ ಕೆಳದಿಯವರು. ಇದನ್ನು ನುಂಗಿಕೊಳ್ಳದೆ ಹೇಳಿ. ಮೊದಲ ಉತ್ತರದ ಹಸಿ ಮರದ ಗಾಡಿಯ ಹಾಗೆ, ಕತೆಯ ಜೀವ ಇರುವುದು ಇಲ್ಲಿ.

ಪ್ರತಿ ಮಾತಿಗೂ ಮನಸ್ಸಿನಲ್ಲೇ ಒಂದು ಚೀಟಿ ಅಂಟಿಸಿಕೊಳ್ಳಿ: ದಾಖಲೆ, ಜನರ ಮಾತು, ಊಹೆ. ಹೇಳುವಾಗಲೂ ಹಾಗೇ ಹೇಳಿ: 'ಶಾಸನದಲ್ಲಿದೆ', 'ಊರವರು ಹೀಗೆನ್ನುತ್ತಾರೆ', 'ಹೀಗಿರಬಹುದು'. ಜನರ ಮಾತನ್ನು ಕೈಬಿಡಬೇಕಿಲ್ಲ, ದಾಖಲೆಯ ಸಾಲಿನಲ್ಲಿ ಕೂರಿಸಬಾರದು ಅಷ್ಟೇ. ಪರೀಕ್ಷಿಸುವ ಸುಲಭದ ದಾರಿ ಇಸವಿ. ಮಿರ್ಜಾನ ಕೋಟೆಯನ್ನು 1200ರ ಸುಮಾರಿಗೆ ಇಬ್ನ್ ಬತೂತ ಕಟ್ಟಿಸಿದ ಎಂಬ ಮಾತು ಅಲ್ಲಲ್ಲಿ ಓಡಾಡುತ್ತದೆ. ಆತ ಹುಟ್ಟಿದ್ದೇ 1304ರಲ್ಲಿ, ಅದೂ ಮೊರಾಕ್ಕೋದಲ್ಲಿ. ಹೊನ್ನಾವರಕ್ಕೆ ಬಂದದ್ದು 1340ರ ದಶಕದಲ್ಲಿ, ಪ್ರವಾಸಿಯಾಗಿ. ಒಂದು ಕೂಡುವ ಕಳೆಯುವ ಲೆಕ್ಕಕ್ಕೆ ಕತೆ ಬಿದ್ದುಹೋಯಿತು. ಸುರಂಗದ ಪ್ರಶ್ನೆ ಬಂದೇ ಬರುತ್ತದೆ. ಬಾವಿಗೆ ಇಳಿಯುವ ಕತ್ತಲ ದಾರಿ ನೋಡಿದವರಿಗೆ ಹಾಗೆನಿಸುವುದು ಸಹಜ. 'ಅಲ್ಲ' ಎಂದು ಬಾಯಿ ಮುಚ್ಚಿಸುವ ಬದಲು ಆ ದಾರಿ ನೀರಿಗೆ ಹೋಗುತ್ತದೆ ಎಂದು ತೋರಿಸಿ, ಹುಡುಗರು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಾರೆ.

ನಿಮ್ಮ ಕಾರವಾರದಲ್ಲೇ ಇದಕ್ಕೆ ಚೆಂದದ ಉದಾಹರಣೆಯಿದೆ. ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು ಏಕೆಂದು ಕೇಳಿದರೆ ಬಹಳ ಮಂದಿ 'ಅವರು ಬಂದಿದ್ದರು' ಎಂದು ನಿಲ್ಲಿಸುತ್ತಾರೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು, ಇಪ್ಪತ್ತರ ಆಸುಪಾಸಿನ ತಮ್ಮ ಅವರ ಮನೆಯಲ್ಲಿ ತಂಗಿದ್ದಾಗ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು ಎಂದು ಹೇಳಿ ನೋಡಿ. ಎರಡೇ ವಾಕ್ಯ, ಎರಡೂ ಖಚಿತ, ಕೇಳಿದವರ ಕಣ್ಣು ಕಡಲ ಕಡೆ ತಿರುಗುತ್ತದೆ.

ಹಣ ಮಾತ್ರ ಮುಟ್ಟಬೇಡಿ, ಚಹಾಕ್ಕೆಂದು ಕೊಟ್ಟರೂ. ಸಂರಕ್ಷಿತ ಸ್ಮಾರಕದಲ್ಲಿ ಹಣ ಪಡೆದು ಜಾಗ ತೋರಿಸಲು ಪರವಾನಗಿ ಬೇಕು. ಅದನ್ನೇ ನೆಚ್ಚಿಕೊಂಡಿರುವ ಗೈಡುಗಳ ಹೊಟ್ಟೆಯ ಮೇಲೂ ಹೊಡೆಯಬಾರದು.

ಪ್ರಶ್ನೆ: ಸೇವೆಯ ವೇಳೆ ಹಳೆಯ ನಾಣ್ಯ ಸಿಕ್ಕರೆ?
— ಕಾಲೇಜು ವಿದ್ಯಾರ್ಥಿ, ಕುಮಟಾ

ಉತ್ತರ: ಎತ್ತಬೇಡಿ, ಉಜ್ಜಬೇಡಿ. ಬಿದ್ದಲ್ಲೇ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಸಿಬ್ಬಂದಿಯನ್ನು ಕರೆಯಿರಿ. ಹುಣಸೆಹುಳಿ ಹಾಕಿ ಬೆಳಗಿದ ನಾಣ್ಯದ ಅಕ್ಷರವೇ ಅಳಿಸಿಹೋಗುತ್ತದೆ, ಸಿಕ್ಕ ಜಾಗ ಗೊತ್ತಿಲ್ಲದ ನಾಣ್ಯ ಅರ್ಧ ಮೂಕ. ಸ್ವಂತ ಜಮೀನಿನಲ್ಲಿ ನಿಧಿ ಸಿಕ್ಕರೂ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮೌಲ್ಯ ಹತ್ತು ರೂಪಾಯಿ ಮೀರಿದರೆ ಸಾಕು.

ಪ್ರಶ್ನೆ: ನಮ್ಮೂರ ಹಳೆಯ ಬಾವಿಕಟ್ಟೆ ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಹತ್ತು ವರ್ಷದ ಹಿಂದೆ ಚಿರೇಕಲ್ಲಿನ ಸಂದಿಗೆ ಸಿಮೆಂಟ್ ಹೊಡೆಸಿದೆವು, ಈಗ ಸಿಮೆಂಟ್ ನಿಂತಿದೆ, ಕಲ್ಲೇ ಉದುರುತ್ತಿದೆ. ಒಂದು ವಾರದಲ್ಲಿ ಹಿರಿಯರೇ ಸೇರಿ ಸರಿಪಡಿಸಬಹುದೇ?
— ಗ್ರಾಮಸ್ಥರು, ಅಂಕೋಲಾ ತಾಲೂಕು

ಉತ್ತರ: ಪಟ್ಟಿಯಲ್ಲಿಲ್ಲ ಎನ್ನುವುದನ್ನು ಪಂಚಾಯಿತಿಯಿಂದ ಖಚಿತ ಮಾಡಿಕೊಳ್ಳಿ. ಹತ್ತಿರ ಬೇರೆ ಸಂರಕ್ಷಿತ ಸ್ಮಾರಕವಿದ್ದರೆ ಅದರಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂಬುದೂ ನೆನಪಿರಲಿ. ಅದಾದ ಮೇಲೆ ಧಾರಾಳವಾಗಿ ಕೈ ಹಾಕಬಹುದು.

ಕಲ್ಲು ಉದುರಲು ಕಾರಣವಿಷ್ಟು. ಚಿರೇಕಲ್ಲು ನೀರು ಕುಡಿಯುತ್ತದೆ, ಬಿಸಿಲಿಗೆ ಆ ನೀರು ಸಂದಿನ ಸುಣ್ಣದ ಮೂಲಕ ಹೊರಹೋಗುತ್ತದೆ. ಸಿಮೆಂಟ್ ಆ ಬಾಗಿಲು ಮುಚ್ಚಿತು. ನೀರು ಕಲ್ಲಿನ ಮೈಯಿಂದಲೇ ಹೊರಬೀಳಬೇಕಾಯಿತು, ಜೊತೆಗೆ ತಂದ ಉಪ್ಪು ಮೇಲ್ಮೈಯ ಒಳಗೇ ಹರಳುಗಟ್ಟಿ ಕಲ್ಲನ್ನು ಪುಡಿ ಮಾಡಿತು. ಸಂದು ಕಲ್ಲಿಗಿಂತ ಮೆತ್ತಗಿರಬೇಕು. ಸವೆದರೆ ಸಂದು ಸವೆಯಲಿ, ಮತ್ತೆ ತುಂಬಬಹುದು.

ಒಂದು ವಾರ ಸಂದು ತುಂಬಲಿಕ್ಕೆ ಸಾಕು, ಸುಣ್ಣ ಮಾಗಿಸಲಿಕ್ಕಲ್ಲ. ಅದಕ್ಕೆ ತಿಂಗಳು ಮೊದಲೇ ಶುರು ಮಾಡಿ. ನಿಮ್ಮ ಕಡೆ ಚಿಪ್ಪಿನ ಸುಣ್ಣ ಸಿಗುತ್ತದೆ, ಅದು ಚೆನ್ನಾಗಿಯೇ ಆಗುತ್ತದೆ. ಸುಟ್ಟ ಚಿಪ್ಪನ್ನು ನೀರಿಗೆ ಹಾಕಬೇಕು, ಚಿಪ್ಪಿನ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ. ಹತ್ತಿರ ಇರುವವರಿಗೆ ಕನ್ನಡಕ, ರಬ್ಬರ್ ಗ್ಲೌಸ್ ಕಡ್ಡಾಯ. ಕಣ್ಣಿಗೆ ಬಿದ್ದರೆ ಇಪ್ಪತ್ತು ನಿಮಿಷ ಸತತ ತಣ್ಣೀರಿನಿಂದ ತೊಳೆದು ವೈದ್ಯರ ಬಳಿ ಹೋಗಬೇಕು. ಕದಡಿದ ಸುಣ್ಣವನ್ನು ಜರಡಿ ಹಿಡಿದು, ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಮುಚ್ಚಿಡಿ. ನೀರಿನಲ್ಲಿ ಪೂರ್ತಿ ಅರಳದ ಚೂರು ಉಳಿದರೆ ಮುಂದೆ ಗೋಡೆಯಲ್ಲೇ ಅರಳಿ ಗಾರೆಯನ್ನು ಹೊರಗೆ ತಳ್ಳುತ್ತದೆ, ಆದ್ದರಿಂದಲೇ ಮಾಗಲು ಬಿಡುವುದು.

ಗಾರೆಗೆ ಒಂದು ಪಾಲು ಸುಣ್ಣದ ಲೇಪ, ಮೂರು ಪಾಲು ತೊಳೆದ ಹೊಳೆಮರಳು. ಕಡಲ ಮರಳು ಬೇಡ, ಉಪ್ಪನ್ನು ನಾವೇ ಗೋಡೆಯೊಳಗೆ ಹೊಗಿಸಿದಂತೆ. ನೀರು ಸೇರಿಸುವ ಮೊದಲು ಹಾರೆಯ ಹಿಡಿಯಿಂದ ಅರ್ಧ ಗಂಟೆ ಕುಟ್ಟಿ ಕಲಸಿ. ಒಣಗಿದೆ ಎನಿಸಿದ ಮಿಶ್ರಣ ಕುಟ್ಟಿದಷ್ಟೂ ಮೆತ್ತಗಾಗುತ್ತದೆ. ಇಲ್ಲಿ ಅವಸರಪಟ್ಟು ನೀರು ಸುರಿದವರ ಗಾರೆಯೇ ಬಿರಿಯುವುದು. ಬೆಲ್ಲದ ನೀರು ಹಾಕುವ ಪದ್ಧತಿಯಿದೆ, ಆದರೆ ಹೆಚ್ಚಾದರೆ ಗಾರೆ ಬಿಗಿಯಾಗುವುದು ತಡ. ಮೊದಲ ಸಲ ಮಾಡುವವರು ಬೆಲ್ಲವಿಲ್ಲದೆ ಮಾಡುವುದೇ ಲೇಸು.

ಹಳೆಯ ಸಿಮೆಂಟನ್ನು ಸಣ್ಣ ಉಳಿ, ಸುತ್ತಿಗೆಯಿಂದ ಬಿಡಿಸಿ, ಯಂತ್ರ ಬೇಡ. ಕಲ್ಲಿಗೆ ಗಟ್ಟಿ ಅಂಟಿದ್ದರೆ ಅಲ್ಲಿಗೇ ಬಿಡಿ, ಕಿತ್ತರೆ ಕಲ್ಲಿನ ಮುಖವೂ ಬರುತ್ತದೆ. ಸಂದನ್ನು ಎರಡು ಸೆಂಟಿಮೀಟರ್ ಆಳಕ್ಕೆ ಕೆರೆದು, ದೂಳು ಊದಿ, ಹಿಂದಿನ ಸಂಜೆಯೂ ಆ ಬೆಳಿಗ್ಗೆಯೂ ನೀರು ಚಿಮುಕಿಸಿ. ಒಣ ಚಿರೇಕಲ್ಲು ಗಾರೆಯ ನೀರನ್ನು ಹೀರಿ ಅದನ್ನು ಹಿಟ್ಟು ಮಾಡುತ್ತದೆ. ಗಾರೆಯನ್ನು ಸಂದಿನೊಳಗೆ ಒತ್ತಿ, ಕಲ್ಲಿನ ಮುಖದಿಂದ ಕೂದಲೆಳೆ ಒಳಕ್ಕೆ ನಿಲ್ಲಿಸಿ. ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ಕಡಿಮೆಯೆಂದರೆ ಏಳು ದಿನ ತೇವ ಆರದಂತೆ ನೋಡಿ. ಈ ಗೋಣಿ ಒದ್ದೆ ಮಾಡುವ ಕೆಲಸಕ್ಕೆ ಊರಿನ ಅತ್ಯಂತ ಹಿರಿಯರನ್ನು ಹಚ್ಚಿ. ದಿನಕ್ಕೆ ನಾಲ್ಕು ಸಲ ತಪ್ಪದೆ ಮಾಡುವವರು ಅವರೇ.

ಪ್ರಶ್ನೆ: ಮೊಣಕಾಲು ನೋವು, ನಿಲ್ಲಲಾಗದು. ಕೂತು ಮಾಡುವ ಸೇವೆ ಉಂಟೇ?
— ನಿವೃತ್ತ ಬ್ಯಾಂಕ್ ನೌಕರರು, ಸಿದ್ದಾಪುರ

ಉತ್ತರ: ಉಂಟು, ಅದಕ್ಕೆ ಜನವೇ ಇಲ್ಲ. ಮಠ, ದೇವಸ್ಥಾನ, ಹಳೆಯ ಮನೆಗಳ ಅಟ್ಟದಲ್ಲಿ ಕಡತಗಳಿವೆ. ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಾಗಿಸಿ ಮಡಚಿದ ಬಟ್ಟೆ, ಬರಹ ಬಳಪದ್ದು. ದೂಳು ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ಲೇಟು ಒರೆಸಿದಂತೆ ಅಕ್ಷರವೇ ಹೋಗುತ್ತದೆ. ತಾಳೆಗರಿಗೆ ಹಚ್ಚುವ ಎಣ್ಣೆಯನ್ನು ಇದಕ್ಕೆ ಹಚ್ಚಲೇಬಾರದು. ನೀವು ಮಾಡಬೇಕಾದ್ದು ಇಷ್ಟೇ: ಕೈ ತೊಳೆದು ಒರೆಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಿಟಕಿಯ ಓರೆ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮಡಿಕೆಗೊಂದು ಫೋಟೋ. ಮಡಿಕೆ ಗಟ್ಟಿಯಾಗಿ ಅಂಟಿದ್ದರೆ ಬಿಡಿಸಬೇಡಿ. ಫೈಲಿಗೆ ಊರು, ಮನೆಯ ಗುರುತು, ಕಡತದ ಸಂಖ್ಯೆ, ಮಡಿಕೆಯ ಸಂಖ್ಯೆ ಹಾಕಿ. ನಿಮ್ಮ ಲೆಡ್ಜರಿನ ಶಿಸ್ತು ಇಲ್ಲಿ ಬೇಕು. ಒಂದು ಪ್ರತಿ ಒಡೆಯರ ಕೈಗೆ, ಮೂಲ ಅವರ ಮನೆಯಲ್ಲೇ.

ಇನ್ನೊಂದು ಕೆಲಸ ಮಾತು ಹಿಡಿದಿಡುವುದು. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲಿನ ಕರನಿರಾಕರಣೆಯಲ್ಲಿ ಅಂಕೋಲೆಯ ಜೊತೆ ನಿಮ್ಮ ಸಿದ್ದಾಪುರದ ರೈತರೂ ಜಮೀನು, ಪಾತ್ರೆ, ದನ ಕಳೆದುಕೊಂಡರು. ಅದನ್ನು ಕಂಡವರು ಇಲ್ಲ. ಅವರ ಬಾಯಿಂದ ಕೇಳಿದ ಮಕ್ಕಳು ಎಂಬತ್ತು ದಾಟಿದ್ದಾರೆ. ಅವರ ಮನೆಯ ಜಗುಲಿಯಲ್ಲಿ ಕೂತು, ಮೊಬೈಲನ್ನು ಬಟ್ಟೆಯ ಮೇಲೆ ಇಟ್ಟು, ಒಮ್ಮೆಗೆ ನಲವತ್ತು ನಿಮಿಷ ಮೀರದಂತೆ ರೆಕಾರ್ಡ್ ಮಾಡಿ. ಮೊದಲಿಗೆ ತಾರೀಕು, ಊರು, ಅವರ ಒಪ್ಪಿಗೆ ಅವರ ದನಿಯಲ್ಲೇ ಇರಲಿ. 'ಹೋರಾಟದ ಬಗ್ಗೆ ಹೇಳಿ' ಎಂದರೆ ಭಾಷಣ ಬರುತ್ತದೆ. 'ಜಪ್ತಿಯಾದ ದಿನ ಮನೆಯಲ್ಲಿ ಏನೇನು ಎತ್ತಿಕೊಂಡು ಹೋದರಂತೆ? ಅಮ್ಮ ಆ ರಾತ್ರಿ ಯಾವುದರಲ್ಲಿ ಅನ್ನ ಬೇಯಿಸಿದರು?' ಎಂದು ಕೇಳಿ. ನಡುವೆ ಮೌನ ಬಂದರೆ ಬಾಯಿ ಹಾಕದೆ ಹತ್ತು ಎಣಿಸಿ.

ಪ್ರಶ್ನೆ: ವಾರ ಮುಗಿದ ಮೇಲೆ ಯಾರಿಗೆ ಏನು ಕೊಡಬೇಕು?
— ಓದುಗರು, ಯಲ್ಲಾಪುರ

ಉತ್ತರ: ಒಂದು ನೂರು ಪುಟದ ಗೆರೆಯ ನೋಟ್‌ಬುಕ್. ದಿನಕ್ಕೊಂದು ಪುಟ: ಎಷ್ಟು ಜನ ಬಂದರು, ಮಕ್ಕಳೆಷ್ಟು, ಯಾವ ಪ್ರಶ್ನೆ ಹೆಚ್ಚು ಕೇಳಿದರು, ಎಲ್ಲಿ ಜಾರಿದರು, ಎಲ್ಲಿ ಕಸ ಹೆಚ್ಚಿತ್ತು, ಯಾವ ಗೋಡೆಯಲ್ಲಿ ಸಸಿ ಕಂಡಿತು. ಪುಟದ ಕೆಳಗೆ ಇಬ್ಬರ ಸಹಿ. ಏಳನೆಯ ದಿನ ಸಂಜೆ ಮೂರು ಪ್ರತಿ ಜೆರಾಕ್ಸ್ ಮಾಡಿಸಿ, ಒಂದು ತಾಣದ ಸಿಬ್ಬಂದಿಗೆ, ಒಂದು ಅನುಮತಿ ಕೊಟ್ಟ ಕಚೇರಿಗೆ, ಒಂದು ಮುಂದಿನ ವಾರ ಬರುವ ತಂಡಕ್ಕೆ. ಮೂಲ ಪುಸ್ತಕ ನಿಮ್ಮಲ್ಲೇ ಇರಲಿ. ಫೋಟೋಗಳನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಬೇಡಿ, ಗಾತ್ರ ಕುಗ್ಗಿ ಬಿರುಕೇ ಕಾಣದಾಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ, ಹನ್ನೆರಡು ಜಾಗಗಳ ಪಟ್ಟಿಯನ್ನು ಅದರ ಜೊತೆಗೇ ಕೊಡಿ.